‘ಓಡಲು ಅರ್ಹ’ ಎಂದು ಬರೆಯುವ ಕೆಲಸ

ಪಶುಪಾಲನಾ ಇಲಾಖೆಗೆ ಹೊಸದಾಗಿ ಸೇರುವ ವೈದ್ಯರಿಗೆ ಈಗ ತರಬೇತಿಯಲ್ಲಿ ಓಟದ ಪ್ರಾಣಿಗಳ ಬಗ್ಗೆಯೂ ಒಂದು ಪಾಠ ಇದೆಯಂತೆ. ನನ್ನ ತಂಗಿಯ ಮಗಳು ಮೊನ್ನೆ ಹೋಗಿ ಕೂತು ಬಂದಳು. ಏನು ಹೇಳಿಕೊಟ್ಟರೆಂದು ಕೇಳಿದೆ. ಪರದೆಯ ಮೇಲೆ ಕುದುರೆಯ ಚಿತ್ರ ತೋರಿಸಿ, ಬಾಣದ ಗುರುತು ಹಾಕಿ, ಇದು ಕಾಲು, ಇದು ಗೊರಸು ಎಂದರಂತೆ. ಮಧ್ಯಾಹ್ನ ಊಟಕ್ಕೆ ಹೋಳಿಗೆ ಇತ್ತಂತೆ. ಕಾಲು ಎಲ್ಲಿದೆ ಎಂಬುದನ್ನು ಅವರು ಹೇಳಿಕೊಟ್ಟಾಯಿತು. ಆ ಕಾಲನ್ನು ಪರೀಕ್ಷಿಸಲು ಹೋದಾಗ ಹೊಸ ವೈದ್ಯರಾದ ನಿಮಗೆ ಏನೇನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕು ಬಿಟ್ಟು ನಾನು ಹೊರಗೆ ಕೆಲಸ ಮಾಡಿದವಳಲ್ಲ. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರ್ಯಾರು ಶಾಲು ಹೊದಿಸಿದರು ಎಂಬುದೆಲ್ಲ ನಿಮಗೂ ಬೇಡ, ನನಗೂ ಬೇಡ. ಆ ಶಾಲುಗಳ ಮೇಲೆ ಈಗ ನಮ್ಮ ಮನೆಯ ನಾಯಿ ಮಲಗುತ್ತದೆ. ನನ್ನ ನೌಕರಿಯ ಬಹುಪಾಲು ದನದ ಕೊಟ್ಟಿಗೆಗಳಲ್ಲಿ ಕಳೆಯಿತು. ಹೆರಿಗೆ, ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ. ಅದರ ಬಗ್ಗೆ ನನ್ನ ದೂರಿಲ್ಲ. ಹಸು ಮುಲಾಜು ನೋಡುವುದಿಲ್ಲ, ಒದೆಯಬೇಕು ಅನ್ನಿಸಿದರೆ ಒದೆಯುತ್ತದೆ. ನನ್ನ ತಲೆ ಕೆಡಿಸಿದ್ದು ಓಟದ ಕೆಲಸ.

ಪ್ರಾಣಿಗಳ ಓಟಕ್ಕೆ ಷರತ್ತಿನ ಮೇಲೆ ಅನುಮತಿ ಕೊಡಬಹುದು ಎಂದು ಕಾನೂನು ತಿದ್ದುಪಡಿ ಆದ ಮೇಲೆ ಈ ಕೆಲಸ ನಮ್ಮ ಹೆಗಲಿಗೆ ಬಂತು. ಓಟಕ್ಕೆ ಮೊದಲು ಪಶುವೈದ್ಯರು ಪ್ರತಿ ಪ್ರಾಣಿಯನ್ನೂ ಪರೀಕ್ಷಿಸಿ ‘ಓಡಲು ಅರ್ಹ’ ಎಂದು ಬರೆದು ಸಹಿ ಹಾಕಬೇಕು. ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಅದು ಬೆಂಗಳೂರಿನಿಂದ ಹೊರಟು ನಮ್ಮ ಘಟ್ಟದ ತಿರುವುಗಳಲ್ಲಿ ಹಾದು ಬರುವಷ್ಟರಲ್ಲಿ ಅದಕ್ಕೇ ಕುಂಟು ಹಿಡಿದಿರುತ್ತದೆ.

ಮೊದಲ ಅನುಭವ ಸಾಗರದ ಕಡೆಯದು. ದೀಪಾವಳಿ ಕಳೆದ ಮೇಲೆ ಒಂದು ಊರಿನಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿಗೆ ಕೊಬ್ಬರಿ ಸರ ಕಟ್ಟಿ, ಬಲೂನು ಕಟ್ಟಿ, ಜನರ ನಡುವೆ ಓಡಿಸುತ್ತಾರೆ. ಹೋರಿಗೆ ಹೆಂಡ ಕುಡಿಸಿರಬಾರದು ಎಂದು ಒಂದು ಷರತ್ತಿತ್ತು. ಪೂರ್ವಭಾವಿ ಸಭೆಯಲ್ಲಿ ಆಗಿನ ತಹಶೀಲ್ದಾರರು ನನ್ನನ್ನು ಕೇಳಿದರು, “ಕುಡಿದಿದೆಯೋ ಇಲ್ವೋ ಅಂತ ನಿಮಗೆ ಹೆಂಗ್ ಗೊತ್ತಾಗುತ್ತೆ ಡಾಕ್ಟ್ರೇ?”

“ಬಾಯಿ ವಾಸನೆ, ಕಣ್ಣು, ನಡಿಗೆ ನೋಡಿದ್ರೆ ತಿಳಿಯುತ್ತೆ ಸರ್” ಎಂದೆ.

“ಹಂಗೆಲ್ಲ ಅಂದಾಜು ಬೇಡ. ವೈಜ್ಞಾನಿಕವಾಗಿರ್ಲಿ” ಎಂದು ಪಕ್ಕದಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ನಿಮ್ಮತ್ರ ಡ್ರೈವರ್‌ಗಳಿಗೆ ಊದಿಸೋ ಮಷಿನ್ ಇದೆಯಲ್ರೀ?”

ತಮಾಷೆ ಎಂದುಕೊಂಡು ನಾನು ನಕ್ಕೆ. ಸಭೆಯಲ್ಲಿ ಬೇರೆ ಯಾರೂ ನಗಲಿಲ್ಲ.

ಹಬ್ಬದ ದಿನ ಕಾನ್‌ಸ್ಟೇಬಲ್ ಒಬ್ಬ ಆ ಯಂತ್ರ ಹಿಡಿದು ಹೋರಿಯ ಮುಂದೆ ನಿಂತ. ಊದು ಎಂದರೆ ಹೋರಿ ಊದುತ್ತದೆಯೇ? ಮೂಗಿನ ಹತ್ತಿರ ಹಿಡಿದ. ಅದು ಮೂಸಿ ನೋಡಿತು. ಇನ್ನೂ ಸ್ವಲ್ಪ ಹತ್ತಿರ ಹಿಡಿದ. ಹೋರಿ ನಾಲಿಗೆ ಚಾಚಿ, ಪ್ಲಾಸ್ಟಿಕ್ ಕೊಳವೆಯನ್ನು ಎಳೆದುಕೊಂಡು, ಎರಡು ಸಲ ಅಗಿದು ನುಂಗಿಬಿಟ್ಟಿತು. ಕಾನ್‌ಸ್ಟೇಬಲ್ ಕೊಳವೆಯಿಲ್ಲದ ಯಂತ್ರವನ್ನೇ ನೋಡುತ್ತ ನಿಂತುಬಿಟ್ಟ. ಆಮೇಲೆ ಶುರುವಾಯಿತು ಮಜಾ. ಕೊಳವೆ ಸರ್ಕಾರಿ ಆಸ್ತಿ. ಹೋರಿಯ ಸಗಣಿಯಲ್ಲಿ ಅದು ಬಂತೇ ಎಂದು ನೋಡಿ ವರದಿ ಕೊಡಿ ಎಂದು ಠಾಣೆಯಿಂದ ನನಗೆ ಪತ್ರ ಬಂತು. ಪತ್ರಕ್ಕೆ ಮುದ್ರೆ ಕೂಡ ಇತ್ತು. ನಾನು ಉತ್ತರ ಬರೆಯಲಿಲ್ಲ. ಹೋರಿಯ ಮಾಲೀಕ ಮಾತ್ರ ಬಲು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ತಿರುಗಿದ, “ನಮ್ ಹೋರಿ ಪೊಲೀಸ್ರನ್ನೇ ತಿಂದಿದ್ದು ಮಾರಾಯ್ರೆ” ಎಂದು.

ಮುಂದೆ ಫೋಟೋದ ಕಾಲ ಬಂತು. ನಮ್ಮ ಮೇಲಧಿಕಾರಿಯೊಬ್ಬರು ಜಿಲ್ಲಾ ಕೇಂದ್ರದಲ್ಲಿ ಕೂರುತ್ತಿದ್ದರು. ದೊಡ್ಡ ಸಾಹೇಬರು ಎಂದೇ ಕರೆಯೋಣ. ಅವರೂ ಓದಿದ್ದು ಪಶುವೈದ್ಯವೇ. ಆದರೆ ಕೊನೆಯ ಸಲ ಪ್ರಾಣಿಯನ್ನು ಮುಟ್ಟಿದ್ದು ಯಾವಾಗ ಎಂದು ಅವರಿಗೇ ನೆನಪಿದ್ದಂತಿಲ್ಲ. ಪರೀಕ್ಷೆ ಮಾಡಿದ್ದೇವೆ ಎಂಬ ನಮ್ಮ ಮಾತನ್ನು ಅವರು ನಂಬುತ್ತಿರಲಿಲ್ಲ. ಪ್ರಾಣಿಯ ಜೊತೆ ವೈದ್ಯರು ನಿಂತ ಫೋಟೋ, ಅದರ ಮೇಲೆ ಜಾಗ ಮತ್ತು ಸಮಯದ ಅಚ್ಚು, ಅದೂ ಅಲ್ಲಿಂದಲೇ ಆ ಕ್ಷಣವೇ ಕಳಿಸಬೇಕು. ಮೇಗರವಳ್ಳಿ ಕಡೆ ಒಂದು ಗಾಡಿ ಓಟಕ್ಕೆ ಎತ್ತುಗಳನ್ನು ನೋಡಲು ಹೋಗಿದ್ದೆ. ಅಲ್ಲಿ ಫೋನಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ಎತ್ತು ನೋಡಿ ಮುಗಿಸಿ, ಗುಡ್ಡ ಹತ್ತಿ, ಮರದ ಬೊಡ್ಡೆಯ ಮೇಲೆ ನಿಂತು ಫೋಟೋ ಕಳಿಸಿದೆ. ಅಚ್ಚಿನಲ್ಲಿ ಗುಡ್ಡದ ಜಾಗ ಬಂತು. ಎತ್ತುಗಳು ಒಂದು ಕಡೆ, ವೈದ್ಯರು ಇನ್ನೊಂದು ಕಡೆ ಇದ್ದಂತೆ ಕಾಣುತ್ತದೆ, ವಿವರಣೆ ಕೊಡಿ ಎಂದು ನೋಟಿಸು ಬಂತು.

ಮರುವರ್ಷ ಸಂಘಟಕರು ಬುದ್ಧಿವಂತರಾಗಿದ್ದರು. ತಪಾಸಣೆಗೆಂದು ಎತ್ತುಗಳನ್ನೇ ಗುಡ್ಡ ಹತ್ತಿಸಿದರು. ಜೋಡಿ ಜೋಡಿಯಾಗಿ ಏದುಸಿರು ಬಿಡುತ್ತ ಹತ್ತಿದವು, ಕಲ್ಲಿನ ಜಾಡಿನಲ್ಲಿ ಜಾರುತ್ತ ಇಳಿದವು. ಓಟಕ್ಕೆ ಮೊದಲೇ ಅರ್ಧ ಎತ್ತುಗಳಿಗೆ ಗೊರಸು ನೋವು. ಫೋಟೋಗಳು ಮಾತ್ರ ಅಚ್ಚುಕಟ್ಟಾಗಿ ಬಂದವು. ದೊಡ್ಡ ಸಾಹೇಬರು ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿ ನನ್ನನ್ನು ಹೊಗಳಿದರು. ನೌಕರಿಯಲ್ಲಿ ನನಗೆ ಸಿಕ್ಕ ಏಕೈಕ ಪ್ರಶಂಸೆ ಅದು.

ಇನ್ನು ಕುದುರೆ. ನಮ್ಮ ಮೂರು ತಾಲ್ಲೂಕಿನಲ್ಲಿ ಕುದುರೆ ಅಂದರೆ ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವವು, ಪ್ರವಾಸಿಗರ ಮಕ್ಕಳನ್ನು ಕೂರಿಸಿಕೊಂಡು ಫೋಟೋಕ್ಕೆ ನಿಲ್ಲುವವು, ಅಷ್ಟೇ. ನಮ್ಮ ಕಡೆಯ ಮುಖಂಡರೊಬ್ಬರು ಯಾರದೋ ಜೊತೆ ಬೆಂಗಳೂರಿಗೆ ಹೋಗಿ ರೇಸ್ ನೋಡಿಕೊಂಡು ಬಂದರು. ಬಂದವರಿಗೆ ತಮ್ಮ ಹುಟ್ಟುಹಬ್ಬಕ್ಕೆ ಕುದುರೆ ಓಟವೇ ಆಗಬೇಕು ಎನ್ನಿಸಿತು. ಕೊಯ್ಲಾದ ಗದ್ದೆಗಳ ನಡುವಿನ ಅಂಚು ಕಿತ್ತು, ಜೆಸಿಬಿಯಲ್ಲಿ ಸಮ ಮಾಡಿಸಿ, ಉದ್ದಕ್ಕೆ ಒಂದು ದಾರಿ ಮಾಡಿಸಿದರು.

ಅನುಮತಿ ಯಾರು ಕೊಡಬೇಕು? ರೇಸ್ ಕೋರ್ಸುಗಳಿಗೆ ಪರವಾನಗಿ ಕೊಡುವ ಕಾನೂನು ಬೇರೆ. ಹೋರಿ, ಕೋಣಗಳ ಓಟಕ್ಕೆ ಷರತ್ತು ಹಾಕುವ ಕಾನೂನು ಬೇರೆ. ಗದ್ದೆಯಲ್ಲಿ ಓಡುವ ಮದುವೆ ಕುದುರೆ ಎರಡಕ್ಕೂ ಸೇರಿದ್ದಲ್ಲ. ಬಾಜಿ ಕಟ್ಟಿದರೆ ಮಾತ್ರ ನಮಗೆ ಸಂಬಂಧ ಎಂದರು ಪೊಲೀಸರು. ಜಾಗ ಖಾಸಗಿ, ನಮಗೇನು ಎಂದರು ಕಂದಾಯದವರು. ಕೊನೆಗೆ ಮುಖಂಡರ ಫೋನು ಬಂದ ಮೇಲೆ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿ ಹೋರಿ ಹಬ್ಬದ ಹಳೇ ಆದೇಶ ತೆಗೆದು, ‘ಹೋರಿ’ ಇದ್ದಲ್ಲೆಲ್ಲ ‘ಕುದುರೆ’ ಎಂದು ಬದಲಾಯಿಸಿ ಅನುಮತಿ ಕೊಟ್ಟರು. ಹೀಗಾಗಿ ‘ಕುದುರೆಯ ಕೊಂಬಿನ ತುದಿಗೆ ರಬ್ಬರ್ ಟೋಪಿ ಹಾಕಿರತಕ್ಕದ್ದು’ ಎಂಬ ಷರತ್ತು ಬಂತು. ವರದಿಯಲ್ಲಿ ನಾನು ‘ಕೊಂಬು ಕಂಡುಬಂದಿಲ್ಲ’ ಎಂದು ಬರೆದೆ. ದೊಡ್ಡ ಸಾಹೇಬರು ವಾಪಸು ಕಳಿಸಿದರು. ಎಲ್ಲಾ ಷರತ್ತಿನ ಮುಂದೆಯೂ ‘ಪಾಲಿಸಲಾಗಿದೆ’ ಎಂದೇ ಇರಬೇಕಂತೆ. ಪಾಲಿಸಲಾಗಿದೆ ಎಂದು ಬರೆದುಕೊಟ್ಟೆ. ಆ ವರ್ಷ ನಮ್ಮ ಕುದುರೆಗಳು ದಾಖಲೆಯ ಪ್ರಕಾರ ಕೊಂಬಿಗೆ ಟೋಪಿ ಹಾಕಿಕೊಂಡೇ ಓಡಿವೆ.

ಅದೇ ಓಟದಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯೂ ಆಗಲಿ ಎಂದು ಅಪ್ಪಣೆಯಾಯಿತು. ಗೆದ್ದ ಕುದುರೆಯ ಮೂತ್ರ ಹಿಡಿಯಬೇಕು. ನಾನು ಬಾಟಲಿ ಹಿಡಿದು ಕುದುರೆಯ ಹಿಂದೆ ಮುಂದೆ ಸುತ್ತಿ ಸುಸ್ತಾದೆ. ಕುದುರೆ ಸಾಕುವವರು ಸಣ್ಣಗೆ ಸಿಳ್ಳೆ ಹಾಕಿ ಅಭ್ಯಾಸ ಮಾಡಿಸಿರುತ್ತಾರೆ, ಸಿಳ್ಳೆ ಕೇಳಿದರೆ ಅವು ಹೊಯ್ಯುತ್ತವೆ ಎಂದು ಎಲ್ಲೋ ಓದಿದ್ದು ನೆನಪಾಗಿ ಮಾಲೀಕನಿಗೆ ಸಿಳ್ಳೆ ಹಾಕು ಎಂದೆ. ಅವನು ಹಾಕಿದ. ಅದು ಓಟ ಶುರುವಾಗುವ ಸಿಳ್ಳೆ ಎಂದುಕೊಂಡು ಆಚೆ ಕಡೆ ಮುಂದಿನ ಸುತ್ತಿಗೆ ಸಾಲಿನಲ್ಲಿ ನಿಂತಿದ್ದ ಕುದುರೆಗಳು ಸವಾರರಿಲ್ಲದೆ ಹೊರಟುಬಿಟ್ಟವು. ಅಂತೂ ಮೂತ್ರ ಹಿಡಿದು, ಐಸಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿದೆ. ‘ಇಲ್ಲಿ ದನ, ಎಮ್ಮೆ, ಕುರಿ, ಮೇಕೆ, ಹಂದಿ, ಕೋಳಿಗಳ ಮಾದರಿ ಮಾತ್ರ ಸ್ವೀಕರಿಸಲಾಗುವುದು’ ಎಂಬ ಚೀಟಿಯ ಜೊತೆ ಬಾಟಲಿ ವಾಪಸು ಬಂತು. ಕೋಳಿಯ ಮೂತ್ರವನ್ನು ಅವರು ಹೇಗೆ ಹಿಡಿಯುತ್ತಾರೋ ಕೇಳಬೇಕು ಅಂದುಕೊಂಡಿದ್ದೆ, ಮರೆತೆ.

ಇಲ್ಲಿಯವರೆಗಿನದನ್ನು ನಗುತ್ತ ಹೇಳಬಹುದು. ನಾನೂ ಮದುವೆ ಮನೆಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಇನ್ನು ಮುಂದಿನದನ್ನು ನಾನು ಯಾರಿಗೂ ನಗಿಸಲು ಹೇಳಿಲ್ಲ.

ಸಾಗರದಲ್ಲಿ ಬಾಬಣ್ಣ ಎಂಬವನಿದ್ದ. ಮದುವೆಗೆ ಕುದುರೆ ಕೊಡುವುದು ಅವನ ಕಸುಬು. ಇದ್ದದ್ದು ಒಂದೇ ಹೆಣ್ಣು ಕುದುರೆ, ಹೆಸರು ಬೆಳ್ಳಿ. ಮೈ ಪೂರ್ತಿ ಕಂದು, ಹಣೆಯಲ್ಲಿ ಮಾತ್ರ ಒಂದು ಬಿಳಿ ಬೊಟ್ಟು. ಮದುವೆಯವರಿಗೆ ಬಿಳಿ ಕುದುರೆಯೇ ಬೇಕು. ಬಾಬಣ್ಣ ಜರಿಯ ಹೊದಿಕೆ ಹೊದಿಸಿ, ನೆತ್ತಿಗೆ ಗರಿ ಕಟ್ಟಿ, ಒಳಗಿನ ಬಣ್ಣ ಕಾಣದ ಹಾಗೆ ಮಾಡುತ್ತಿದ್ದ. ಬೆಳ್ಳಿ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಓಡಿದ ಕುದುರೆ. ಬಲಗಡೆಯ ಮುಂಗಾಲು ಕೆಟ್ಟ ಮೇಲೆ ಕೈಯಿಂದ ಕೈಗೆ ಮಾರಾಟವಾಗುತ್ತ ಸಾಗರಕ್ಕೆ ಬಂದಿತ್ತು.

ನಾನು ಸಾಗರದಲ್ಲಿದ್ದಾಗ ಆ ಕಾಲಿಗೆ ಔಷಧಿ ಮಾಡಿದವಳು ನಾನೇ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಇಡೀ ಮೈಭಾರ ಹೊರುವ ಗಟ್ಟಿ ಹುರಿಯಂಥ ಸ್ನಾಯುರಜ್ಜು ಇರುತ್ತದೆ. ಬೆಳ್ಳಿಗೆ ಅದು ಅರ್ಧ ಹರಿದು, ಗಂಟುಗಂಟಾಗಿ ಕೂಡಿಕೊಂಡಿತ್ತು. “ಎಷ್ಟು ಬೇಕಾದ್ರೂ ನಡೆಸು ಬಾಬಣ್ಣ, ಓಡಿಸಬೇಡ” ಎಂದಿದ್ದೆ. ದಿಬ್ಬಣ ಓಡುವುದಿಲ್ಲವಲ್ಲ, ಅವನಿಗೆ ತೊಂದರೆಯಿರಲಿಲ್ಲ. ಬ್ಯಾಂಡಿನವರ ಹಿಂದೆ ಬೆಳ್ಳಿ ನಡೆಯುತ್ತಿತ್ತು, ಬೆಳ್ಳಿಯ ಪಕ್ಕ ಬಾಬಣ್ಣ.

ಎರಡನೆಯ ವರ್ಷದ ಕುದುರೆ ಓಟ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎಂದು ನಿರ್ಧಾರವಾಯಿತು. ಅಷ್ಟರಲ್ಲಿ ನಾನು ಹೊಸನಗರದಲ್ಲಿದ್ದೆ, ತೀರ್ಥಹಳ್ಳಿಯ ಆ ಭಾಗದ ಹೆಚ್ಚುವರಿ ಹೊಣೆಯೂ ನನ್ನ ತಲೆಗೇ ಕಟ್ಟಿದ್ದರು. ರಸ್ತೆಯ ಮೇಲೆಲ್ಲ ಫ್ಲೆಕ್ಸ್ ಬಂದವು. ನಡುವೆ ಮುಖಂಡರು ಕೈಮುಗಿದು ನಿಂತಿದ್ದಾರೆ, ಅವರ ತಲೆಯ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಬೆಳ್ಳಿಯ ತಲೆ. ‘ಬೆಂಗಳೂರು ರೇಸಿನ ರಾಣಿ ನಿಮ್ಮ ಮುಂದೆ’. ಕೂಡಲೇ ಬಾಬಣ್ಣನಿಗೆ ಫೋನು ಮಾಡಿದೆ.

“ಒಂದೇ ಸಲ ಅಲ್ವಾ ಮೇಡಂ” ಎಂದ. “ಅವ್ಳು ಓಡೋ ಜಾತಿ. ದಿಬ್ಬಣದಾಗೆ ನಡ್ದೂ ನಡ್ದೂ ಬೇಜಾರ್ ಬಂದ್‌ಬಿಟ್ಟಿದೆ ಅವ್ಳಿಗೆ. ಮತ್ತೆ ಅವ್ರು ಮನೆಗೇ ಬಂದು ಕೇಳಿದಾರೆ. ಇಲ್ಲ ಅನ್ನಾಕ್ ಆಗ್ತದಾ?”

ಆಗುತ್ತಿರಲಿಲ್ಲ, ನನಗೂ ಗೊತ್ತು. ಮೆರವಣಿಗೆಗೆ ಪೊಲೀಸರ ಒಪ್ಪಿಗೆಯಿಂದ ಹಿಡಿದು ಅವನ ಲಾಯ ನಿಂತ ಜಾಗದವರೆಗೆ ಎಲ್ಲದಕ್ಕೂ ಅವನು ಅದೇ ಮುಖಂಡರ ಬಾಗಿಲಿಗೇ ಹೋಗಬೇಕಿತ್ತು.

ಓಟದ ಹಿಂದಿನ ದಿನ ಸಾಗರದ ಕಡೆಯ ಕುದುರೆಗಳನ್ನು ವ್ಯಾನಿನಲ್ಲಿ ಹೊಸನಗರದ ನಮ್ಮ ಆಸ್ಪತ್ರೆಯ ಅಂಗಳಕ್ಕೆ ತಂದರು. ಬೆಳ್ಳಿಯನ್ನು ನಿಧಾನವಾಗಿ ಓಡಿಸಿ ನೋಡಿದೆ. ಕುದುರೆಯ ಮುಂಗಾಲು ಕುಂಟುವುದನ್ನು ಅದರ ತಲೆ ಹೇಳುತ್ತದೆ. ನೋವಿನ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲಕ್ಕೆ ಹೋಗುತ್ತದೆ. ಬೆಳ್ಳಿಯ ತಲೆ ಪ್ರತಿ ಹೆಜ್ಜೆಗೂ ಮೇಲೆ ಹೋಗುತ್ತಿತ್ತು. ಹುರಿಯ ಮೇಲೆ ಹೆಬ್ಬೆರಳು ಒತ್ತಿದ ಕೂಡಲೇ ಕಾಲು ಕಿತ್ತುಕೊಂಡಿತು. ‘ಓಡಲು ಅರ್ಹವಲ್ಲ’ ಎಂದು ಬರೆದು ಕೊಟ್ಟೆ. ಬಾಬಣ್ಣ ಬೆಳ್ಳಿಯ ಮೂಗು ಸವರುತ್ತ ನಿಂತ. ಸದ್ಯ ಮುಗಿಯಿತು ಎಂದುಕೊಂಡು ನಾನು ನಿರಾಳವಾಗಿ ಮನೆಗೆ ಹೋದೆ. ಇಷ್ಟು ವರ್ಷ ನೌಕರಿ ಮಾಡಿಯೂ ಸಹಿಯಿಂದ ಏನಾದರೂ ಮುಗಿಯುತ್ತದೆ ಎಂದು ನಂಬಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳುವುದು.

ಮರುದಿನ ಗದ್ದೆಗೆ ಹೋಗಿ ನೋಡಿದರೆ ಬೆಳ್ಳಿ ಅಲ್ಲಿತ್ತು. ಬೆನ್ನಿಗೆ ಜೀನು ಕಟ್ಟಿಯಾಗಿತ್ತು. ಮುಖಂಡರು ಬೆಂಗಳೂರಿನಿಂದ ಸವಾರರ ಜೊತೆ ಒಬ್ಬನನ್ನು ಕರೆಸಿದ್ದರು, ಟ್ರೈನರ್ ಎಂದು ಎಲ್ಲರೂ ಕರೆಯುತ್ತಿದ್ದರು, ಕಪ್ಪು ಕನ್ನಡಕದವನು. ಬಾಬಣ್ಣ ನನ್ನನ್ನು ಕಂಡ ಕೂಡಲೇ ಮುಖ ಅರಳಿಸಿಕೊಂಡು ಓಡಿ ಬಂದ.

“ಬನ್ನಿ ಮೇಡಂ, ನೋಡಿ ಇಲ್ಲಿ” ಎಂದು ಬೆಳ್ಳಿಯನ್ನು ಹಿಡಿದು ನನ್ನ ಮುಂದೆಯೇ ಓಡಿಸಿದ. ತಲೆ ಒಂದು ಚೂರೂ ಅಲುಗಲಿಲ್ಲ. ಕಾಲು ಸಲೀಸಾಗಿ ಬೀಳುತ್ತಿತ್ತು. “ಟ್ರೈನರ್ ಸಾರು ಬೆಳಿಗ್ಗೆ ಒಂದ್ ಸೂಜಿ ಹಾಕಿದ್ರು. ಇಷ್ಟ್ ದಿನ ನಾವ್ ಪಟ್ಟಿ ಕಟ್ಟಿ, ಎಣ್ಣೆ ತಿಕ್ಕಿ ಒದ್ದಾಡಿದ್ದು ಒಂದೇ ಸೂಜೀಲಿ ವಾಸಿ ಆತು.”

ನಾನು ಬಗ್ಗಿ ಕಾಲು ಹಿಡಿದೆ. ಗೊರಸಿನ ಮೇಲೆ, ಎರಡೂ ಬದಿಯಲ್ಲಿ, ಕೂದಲಿನ ನಡುವೆ ಸೂಜಿ ಚುಚ್ಚಿದ ರಕ್ತದ ಬೊಟ್ಟು ಇನ್ನೂ ಒಣಗಿರಲಿಲ್ಲ. ಮೇಲೆ ಹುರಿಯ ಪಕ್ಕದಲ್ಲೂ ಅಂಥದೇ ಗುರುತು. ಪೆನ್ನಿನ ಮುಚ್ಚಳದಿಂದ ಹಿಮ್ಮಡಿಯನ್ನು ಜೋರಾಗಿ ಒತ್ತಿದೆ. ಬೆಳ್ಳಿ ತಿರುಗಿಯೂ ನೋಡಲಿಲ್ಲ. ಹುರಿಯ ಗಂಟನ್ನು ಹೆಬ್ಬೆರಳಿನಿಂದ ಬಲವಾಗಿ ಅದುಮಿದೆ. ಏನೂ ಇಲ್ಲ.

ಇದನ್ನು ನೀವು ಕಾಲೇಜಿನಲ್ಲಿ ಓದಿರುತ್ತೀರಿ. ಕುಂಟು ಎಲ್ಲಿಂದ ಬಂದಿದೆ ಎಂದು ಪತ್ತೆ ಮಾಡಲು ನಾವು ಆ ಭಾಗದ ನರಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು ನೋಡುತ್ತೇವೆ. ಅದೇ ಮದ್ದು ಕುಂಟನ್ನು ಮುಚ್ಚಿಡಲೂ ಆಗುತ್ತದೆ. ನೋವು ಇದ್ದರೆ ಕುದುರೆ ಕಾಲಿನ ಮೇಲೆ ಭಾರ ಹಾಕದೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ನೋವು ತೆಗೆದುಬಿಟ್ಟರೆ ಹರಿದ ಹುರಿಯ ಮೇಲೆಯೇ ಪೂರ್ತಿ ಮೈ ಬಿಟ್ಟು ಓಡುತ್ತದೆ.

ಬಾಬಣ್ಣನಿಗೆ ಹೇಳಿದೆ. ಅವನ ಕೈಗೇ ಪೆನ್ನಿನ ಮುಚ್ಚಳ ಕೊಟ್ಟು ಒತ್ತಿಸಿದೆ. “ನೋಡು, ಗೊತ್ತೇ ಆಗ್ತಿಲ್ಲ ಅದಕ್ಕೆ. ವಾಸಿ ಆಗಿದ್ದಲ್ಲ ಇದು.”

“ನೋವಿಲ್ಲ ಅಂದ್ಮೇಲೆ ವಾಸಿ ಅಂತಾನೇ ಅಲ್ವಾ ಮೇಡಂ?” ಎಂದ. ವಾದಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಹಾಗೇ ಅನ್ನಿಸಿತ್ತು.

ಸಬ್ ಇನ್ಸ್‌ಪೆಕ್ಟರ್ ಹತ್ತಿರ ಹೋದೆ. “ಬಾಜಿ ಏನಾದ್ರೂ ಕಟ್ತಿದಾರಾ ಮೇಡಂ? ಹಂಗಿದ್ರೆ ಹೇಳಿ” ಎಂದು ಕುರ್ಚಿಯಲ್ಲೇ ಕೂತು ಎಳನೀರು ಕುಡಿದರು. ಓಟದ ಉಸ್ತುವಾರಿಗೆ ಬಂದ ಕಂದಾಯ ಅಧಿಕಾರಿ ನನ್ನ ಮಾತನ್ನು ಕೇಳುವಷ್ಟು ಹೊತ್ತು ಮುಖಂಡರ ಕಡೆ ನೋಡುತ್ತಿದ್ದರು. ಟ್ರೈನರ್ ನನ್ನನ್ನು ಕಂಡು, “ವಿಟಮಿನ್ ಮೇಡಂ, ವಿಟಮಿನ್” ಎಂದು ನಕ್ಕ.

ದೊಡ್ಡ ಸಾಹೇಬರಿಗೆ ಫೋನು ಮಾಡಿದೆ. ಅವರಿಗೆ ಆಗಲೇ ಯಾರೋ ಸುದ್ದಿ ಮುಟ್ಟಿಸಿದ್ದರು. “ನೀವು ನಿನ್ನೆ ನೋಡಿದ್ದು ನಿನ್ನೆಯ ಕಾಲು ಕಣ್ರೀ” ಎಂದರು. “ಇವತ್ತಿನ ವಿಡಿಯೋ ನನಗೆ ಬಂದಿದೆ. ಚೆನ್ನಾಗೇ ಓಡ್ತಿದೆಯಲ್ಲ.”

“ಕಾಲು ಮರಗಟ್ಟಿಸಿದಾರೆ ಸರ್. ಇದನ್ನ ಓಡಿಸಿದ್ರೆ ಹುರಿ ಪೂರ್ತಿ ಹೋಗುತ್ತೆ. ಬರೆದಿಟ್ಟುಕೊಳ್ಳಿ.”

“ನೀವು ಎಲ್ಲದರಲ್ಲೂ ತಕರಾರು ತೆಗೀತೀರಿ. ನಿಮಗೆ ಸಹಿ ಹಾಕೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ.”

ಬೇರೆ ತಾಲ್ಲೂಕಿನ ಒಬ್ಬ ವೈದ್ಯರು ಆ ವಿಡಿಯೋ ನೋಡಿ, ತಮ್ಮ ಕುರ್ಚಿಯಿಂದ ಏಳದೆ, ಬೆಳ್ಳಿ ಓಡಲು ಅರ್ಹ ಎಂದು ಫೋನಿನಲ್ಲೇ ಸಹಿ ಕಳಿಸಿದರು. ಅವರು ಪಾಪ, ವರ್ಗಾವಣೆಗೆ ಅರ್ಜಿ ಹಾಕಿಕೊಂಡಿದ್ದರು.

ಓಟ ನಡೆಯಿತು. ಬೆಳ್ಳಿ ಓಡಿದ್ದು ಚೆಂದವಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಬೇರೆ ಕುದುರೆಗಳು ಅಡ್ಡಾದಿಡ್ಡಿ ಹೋಗುತ್ತಿದ್ದರೆ ಅದು ಕುತ್ತಿಗೆ ಚಾಚಿ ನೇರ ಗೆರೆ ಎಳೆದ ಹಾಗೆ ಹೋಯಿತು. ಅಂಚು ಕಿತ್ತು ಮಣ್ಣು ತುಂಬಿದ್ದ ಕಡೆ ಕಾಲು ಒಮ್ಮೆ ಹೂತಿತು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅದು ಇನ್ನೂ ಮುಂದಿತ್ತು. ಗೆದ್ದಿತು. ಜನ ಕೂಗಿದರು. ಮುಖಂಡರು ಬೆಳ್ಳಿಗೆ ಹಾರ ಹಾಕಿ, ಮೈಕಿನಲ್ಲಿ ಪಶುಪಾಲನಾ ಇಲಾಖೆಯ ಸಹಕಾರಕ್ಕೆ ಧನ್ಯವಾದ ಹೇಳಿದರು. ಬಾಬಣ್ಣ ಅಳುತ್ತಿದ್ದ, ಸಂತೋಷಕ್ಕೆ. ನಾನು ಅವತ್ತೇ ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಒಂದು ಹೆಜ್ಜೆಯೂ ನಡೆಸಬೇಡ ಎಂದು ಹೇಳಿ ವ್ಯಾನು ಹತ್ತಿಸಿದೆ. ಕತ್ತಲಾಗುವ ಮೊದಲೇ ದೊಡ್ಡ ಸಾಹೇಬರ ಕಚೇರಿಯಿಂದ ಸಂದೇಶ ಬಂತು, ‘ಗಾಯಗೊಂಡ ಪ್ರಾಣಿಗಳು: ಇಲ್ಲ’ ಎಂದು ವರದಿ ಮುಗಿಸಲಾಗಿದೆ ಎಂದು.

ಮರುದಿನ ಬಾಬಣ್ಣ ಫೋನು ಮಾಡಿದ. “ಮಲಗ್‌ಬಿಟ್ಟಿದಾಳೆ ಮೇಡಂ. ಏಳ್ತಾನೇ ಇಲ್ಲ.”

ಸಾಗರಕ್ಕೆ ಹೋದೆ. ಮನೆಯ ಹಿಂದಿನ ಲಾಯದಲ್ಲಿ ಬೆಳ್ಳಿ ಒಂದು ಮಗ್ಗುಲಿಗೆ ಬಿದ್ದಿತ್ತು. ಮೈ ಬೆವರಿ ತೊಯ್ದು ಹೋಗಿತ್ತು, ಮೂಗಿನ ಹೊಳ್ಳೆ ಅಗಲವಾಗಿತ್ತು. ಕಾಲು ಮುಟ್ಟಿ ನೋಡಿದೆ. ಹುರಿ ಇರಬೇಕಾದ ಜಾಗದಲ್ಲಿ ಕೈಗೆ ಏನೂ ಸಿಗಲಿಲ್ಲ, ಮೆತ್ತಗಿನ ಬಾವು ಮಾತ್ರ. ಗೊರಸಿನ ಮೇಲಿನ ಗಿಣ್ಣು ಕುಸಿದಿತ್ತು. ಇದನ್ನು ಕೂಡಿಸುವ ಚಿಕಿತ್ಸೆ ನಮ್ಮ ಕಡೆ ಎಲ್ಲೂ ಇಲ್ಲ. ಮಲಗಿಸಿಯೇ ಇಟ್ಟರೆ ಮೈ ಹುಣ್ಣಾಗಿ, ಕರುಳು ಕೆಟ್ಟು, ನರಳಿ ನರಳಿ ಸಾಯುತ್ತದೆ.

ಅಲ್ಲಿಂದಲೇ ದೊಡ್ಡ ಸಾಹೇಬರಿಗೆ ಫೋನು ಮಾಡಿದೆ. ಓಟದಲ್ಲಿ ಆದ ಗಾಯದಿಂದ ಕುದುರೆಗೆ ಮದ್ದು ಕೊಟ್ಟು ದಯಾಮರಣ ಕೊಡಬೇಕಾಗಿದೆ, ವರದಿ ತಿದ್ದಿ ಎಂದೆ.

“ಓಟ ಎಲ್ಲಾಗಿದ್ದು?” ಎಂದರು.

“ತೀರ್ಥಹಳ್ಳಿ ತಾಲ್ಲೂಕು.”

“ಕುದುರೆ ಎಲ್ಲಿದೆ ಈಗ?”

“ಸಾಗರದಲ್ಲಿ.”

“ಮತ್ತೆ? ಸಾಗರದಲ್ಲಿ ಸತ್ತಿದ್ದು ತೀರ್ಥಹಳ್ಳಿ ಲೆಕ್ಕಕ್ಕೆ ಹೆಂಗ್ರೀ ಬರುತ್ತೆ? ಅಲ್ಲಾ, ನೀವು ಹೊಸನಗರದವರು ಸಾಗರಕ್ಕೆ ಯಾರನ್ನ ಕೇಳಿ ಹೋದ್ರಿ?”

ಮೂರು ತಾಲ್ಲೂಕಿನಲ್ಲಿ ನೌಕರಿ ಮಾಡಿದ ನನಗೆ, ಒಂದು ಕುದುರೆ ಒಂದರಲ್ಲಿ ಕುಂಟಿ, ಇನ್ನೊಂದರಲ್ಲಿ ಓಡಿ, ಮತ್ತೊಂದರಲ್ಲಿ ಸತ್ತರೆ ಯಾವುದರಲ್ಲೂ ಸಾಯುವುದಿಲ್ಲ ಎಂಬ ನಿಯಮ ಅವತ್ತು ತಿಳಿಯಿತು. ಸಿಟ್ಟಿನಿಂದ ಫೋನು ಇಟ್ಟುಬಿಟ್ಟೆ. ವರದಿಯಲ್ಲಿ ‘ಇಲ್ಲ’ ಎಂಬುದು ಇವತ್ತಿಗೂ ಹಾಗೇ ಇದೆ. ಮುಂದಿನ ವರ್ಷ ಅದನ್ನೇ ತೋರಿಸಿ ಮತ್ತೆ ಅನುಮತಿ ಪಡೆದರು.

ಬಾಬಣ್ಣನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಬೆಳ್ಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡ.

“ಆ ಸೂಜಿ ಹಾಕಿ ಮೇಡಂ” ಎಂದ. “ಅವ್ರು ಹಾಕಿದ್ರಲ್ಲ, ನೋವ್ ಹೋಗೋದು. ಅದ್ನೇ ಹಾಕಿ.”

ಆ ಮದ್ದು ನನ್ನ ಚೀಲದಲ್ಲಿತ್ತು, ಯಾವಾಗಲೂ ಇರುತ್ತದೆ. ಅದರಿಂದ ಏನೂ ಕೂಡಿಕೊಳ್ಳುವುದಿಲ್ಲ ಎಂದು ಅವನಿಗೆ ಮತ್ತೆ ಹೇಳಿದೆ. ಗೊತ್ತು ಎಂಬಂತೆ ತಲೆಯಾಡಿಸಿದ, ಆದರೂ ಕೈ ಮುಗಿದ. ಬೆಳ್ಳಿ ಹಲ್ಲು ಕಡಿಯುತ್ತಿತ್ತು. ಕೊನೆಯ ಸ್ವಲ್ಪ ಹೊತ್ತಾದರೂ ಅದಕ್ಕೆ ಆ ನೋವು ಇರದಿರಲಿ ಎಂದು ನಾನೂ ಒಪ್ಪಿದೆ. ನರದ ಜಾಗ ಹುಡುಕಿ, ಎರಡೂ ಬದಿಗೆ ಕೊಟ್ಟೆ.

ಸ್ವಲ್ಪ ಹೊತ್ತಿನಲ್ಲಿ ಬೆಳ್ಳಿಯ ಉಸಿರು ಇಳಿಯಿತು. ಕಿವಿ ಆಡಿಸಿತು. ಮುಂಗಾಲು ಚಾಚಿ, ಒಮ್ಮೆ ಜಾರಿ, ಎದ್ದು ನಿಂತಿತು. ಗಿಣ್ಣು ನೆಲಕ್ಕೆ ತಾಗಿತ್ತು, ಅದಕ್ಕೆ ಅದು ತಿಳಿಯುತ್ತಿರಲಿಲ್ಲ. ಬಾಬಣ್ಣನ ಜೇಬಿಗೆ ಮೂತಿ ಹಾಕಿತು.

ಬಾಬಣ್ಣ ಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ. “ಹುರುಳಿ ಬೇಯ್ಸಿದ್ ಇದ್ರೆ ತಗಂಬಾರೆ. ಎದ್ದಿದಾಳೆ, ಹಸ್ದಿದಾಳೆ.” ಅವಳು ಬುಟ್ಟಿಯಲ್ಲಿ ತಂದು ಕೊಟ್ಟು, ನನ್ನ ಮುಖ ನೋಡಿ ಒಳಗೆ ಹೋದಳು. ಬೆಳ್ಳಿ ಬುಟ್ಟಿಯ ತಳ ನೆಕ್ಕುವವರೆಗೆ ನಾನು ಬೆನ್ನು ತಿರುಗಿಸಿ ನಿಂತು, ಇನ್ನೊಂದು ಮದ್ದನ್ನು ದೊಡ್ಡ ಸಿರಿಂಜಿಗೆ ತುಂಬಿಕೊಂಡೆ.

“ನೀನು ಒಳಗೆ ಹೋಗು ಬಾಬಣ್ಣ” ಎಂದೆ. “ಪಕ್ಕದ ಮನೆಯವ್ರನ್ನ ಯಾರನ್ನಾದ್ರೂ ಕರಿ, ಹಗ್ಗ ಹಿಡ್ಕೊಳ್ಳಲಿ.”

ಅವನು ಹಗ್ಗ ಬಿಡಲಿಲ್ಲ. “ಬ್ಯಾಡ ಮೇಡಂ, ನಾನೇ ಹಿಡ್ಕಳ್ತೀನಿ” ಎಂದ. “ಬೇರೆಯವ್ರು ಹಿಡುದ್ರೆ ಹೆದರ್ತಾಳೆ.”